ಮನಸ್ಸಿನ ಮಂಡಿಗೆ: ಉಣ್ಣುವವರ ಕನಸು, ಅಡುವವರ ಕನಸು

1

ಕೈಗೆಟುಕದ್ದನ್ನು ನೆನೆದು ಸುಖಿಸುವವರನ್ನು ಕುರಿತು ‘ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದಾರೆ’ ಎನ್ನುವುದು ಕನ್ನಡದ ರೂಢಿ. ಮರಾಠಿಯಲ್ಲಿಯೂ ಇದೇ ಮಾತು ‘ಮನಾತ್ ಮಾಂಡೇ ಖಾಣೇ’ ಎಂದಿದೆ. ಸಂಸ್ಕೃತದ ‘ಮನೋಮೋದಕ’, ಹಿಂದಿಯ ‘ಮನ್ ಕೇ ಲಡ್ಡೂ’ ಇದೇ ಕುಲಕ್ಕೆ ಸೇರಿದವು. ಹಗಲುಗನಸಿಗೆ ಸಿಹಿತಿನಿಸಿನ ರೂಪಕವನ್ನು ಕೊಡುವುದು ಹಲವು ಭಾರತೀಯ ಭಾಷೆಗಳಿಗೆ ಸಮಾನ. ಆದರೆ ಅಲ್ಲಿ ಉಂಡೆ ಇರುವ ಜಾಗದಲ್ಲಿ ಕನ್ನಡ ಮತ್ತು ಮರಾಠಿಗಳು ಮಂಡಿಗೆಯನ್ನು ಇಟ್ಟಿವೆ. ಗಡಿಯ ಎರಡು ಬದಿಯ ಜನರು ಕನಸು ಕಾಣುವುದಕ್ಕೆ ಒಂದೇ ತಿನಿಸನ್ನು ಆರಿಸಿಕೊಂಡಿದ್ದಾರೆ ಎಂಬುದು ತೌಲನಿಕ ಅಧ್ಯಯನಕ್ಕೆ ಸಣ್ಣ ಸಂಗತಿಯಲ್ಲ.

ಮಂಡಿಗೆ ಸುಲಭಕ್ಕೆ ಒಲಿಯುವ ಪದಾರ್ಥವಲ್ಲ. ಗೋಧಿಯ ಕಣಕವನ್ನು ಚೆನ್ನಾಗಿ ನಾದಿ, ನೆನೆಯಲು ಬಿಟ್ಟು, ಎರಡೂ ಕೈಗಳ ಮೇಲೆ ಬೀಸಿ ಹಿಗ್ಗಿಸಿ, ಕವುಚಿದ ಕಾದ ಪಾತ್ರೆಯ ಬೆನ್ನ ಮೇಲೆ ಹರಿಯದಂತೆ ಹರಡಬೇಕು. ಆ ಪಾತ್ರೆ ಖಾನದೇಶದಲ್ಲಿ ಮಣ್ಣಿನ ಖಾಪರ, ಬೆಳಗಾವಿಯಲ್ಲಿ ಕಬ್ಬಿಣದ ಬಾಣಲೆ. ಅಲ್ಲಿಯ ಹೂರಣ ಬೇಳೆಬೆಲ್ಲದ್ದು; ಇಲ್ಲಿಯದು ಸಕ್ಕರೆ, ಖೋವಾ, ತುಪ್ಪದ್ದು. ಒಂದು ಕ್ಷಣ ತಡವಾದರೆ ಸೀಯುತ್ತದೆ, ಹದ ತಪ್ಪಿದರೆ ಕೈಯಲ್ಲೇ ಹರಿಯುತ್ತದೆ. ಹೀಗೆ ಕೈಯ ಕೌಶಲವನ್ನು ಇಷ್ಟೊಂದು ಬೇಡುವ ತಿನಿಸನ್ನು ಆರಿಸಿಕೊಂಡ ನುಡಿಗಟ್ಟು, ಕ್ರಿಯಾಪದದ ವಿಷಯಕ್ಕೆ ಬಂದಾಗ ಆ ಕೈಯನ್ನು ಮರೆತುಬಿಡುತ್ತದೆ. ಮನಸ್ಸಿನಲ್ಲಿ ಮಂಡಿಗೆ ‘ತಿನ್ನುವವರು’ ಇದ್ದಾರೆ; ಮನಸ್ಸಿನಲ್ಲಿ ಮಂಡಿಗೆ ‘ಮಾಡುವವರು’ ರೂಢಿಯಲ್ಲಿಲ್ಲ.

ಈ ಗೈರುಹಾಜರಿ ನುಡಿಗಟ್ಟಿಗಷ್ಟೇ ಸೀಮಿತವಾದುದಲ್ಲ. ಅನ್ನ ಮತ್ತು ಸಾಹಿತ್ಯದ ಸಂಬಂಧವನ್ನು ಕುರಿತ ನಮ್ಮ ವಿಮರ್ಶೆ ಬಹುಮಟ್ಟಿಗೆ ಎಲೆಯ ಮುಂದೆ ಕುಳಿತವರ ವಿಮರ್ಶೆ. ಅಡುಗೆಯನ್ನು ಪ್ರೀತಿಸುವ, ಒಲೆ ಹೊತ್ತಿಸುವ ಮೊದಲೇ ಮನಸ್ಸಿನಲ್ಲಿ ಹತ್ತು ಬಗೆ ಬೇಯಿಸಿ ನೋಡುವ ಮನೆಯ ಹೆಂಗಸಿನ ಕಲ್ಪನೆಯನ್ನು ಅದು ಒಂದು ಬೌದ್ಧಿಕ ವ್ಯಾಪಾರವೆಂದು ಎಣಿಸಿಲ್ಲ. ಉಣ್ಣುವವರ ಹಗಲುಗನಸು ಬಯಕೆ. ಅಡುವವರ ಹಗಲುಗನಸು ರಚನೆ: ಅದರಲ್ಲಿ ಪ್ರಮಾಣವಿದೆ, ಕ್ರಮವಿದೆ, ನೆನಪಿದೆ, ಇಲ್ಲದ ವಸ್ತುವಿಗೆ ಬದಲಿಯನ್ನು ಹುಡುಕುವ ಲೆಕ್ಕವಿದೆ. ಈ ಎರಡನ್ನೂ ಒಂದೇ ಗಾಳಿಗೋಪುರವೆಂದು ಕರೆದಾಗ ಆಗುವ ನಷ್ಟ, ಗಡಿನಾಡಿನ ಕನ್ನಡದ ಮಟ್ಟಿಗೆ, ಭಾಷೆಯ ನಷ್ಟವೂ ಹೌದು.

2

ಮಂಡಿಗೆಯ ಹಳೆಯ ಬರಹರೂಪದ ದಾಖಲೆಗಳಲ್ಲಿ ಒಂದು ಕಲ್ಯಾಣದಿಂದಲೇ ಬಂದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ 12ನೆಯ ಶತಮಾನದ ಮೊದಲ ಭಾಗದ್ದು. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಹರಡಿರುವ ಈ ಗ್ರಂಥದ ಮೂರನೆಯ ವಿಂಶತಿ ರಾಜನ ಉಪಭೋಗಗಳಿಗೆ ಮೀಸಲು. ‘ಅನ್ನಭೋಗ’ ಅವುಗಳಲ್ಲಿ ಒಂದು. ಗೋಧಿಯನ್ನು ತೊಳೆದು ಬಿಸಿಲಲ್ಲಿ ಒಣಗಿಸಿ ಬೀಸುವುದರಿಂದ ಹಿಡಿದು ಕಣಕವನ್ನು ಕೈಯಲ್ಲಿ ಹಿಗ್ಗಿಸಿ ಕಾದ ಖರ್ಪರದ ಮೇಲೆ ಬೇಯಿಸುವವರೆಗೆ ‘ಮಂಡಕ’ದ ವಿಧಾನ ಅಲ್ಲಿದೆ. ಉದ್ದಿನ ಹಿಟ್ಟಿನ ‘ಇಡ್ಡರಿಕಾ’, ‘ಧೋಸಕ’, ‘ವಟಕ’ಗಳ ಜೊತೆಗೆ ಹಲವು ಬಗೆಯ ಮಾಂಸ, ಮೀನು, ಕಾದ ಎಣ್ಣೆಯಲ್ಲಿ ಕರಿದ ಹೊಲದ ಇಲಿ ಕೂಡ ಇವೆ.

ಕೃತಿಯ ಹೆಸರನ್ನೇ ಗಮನಿಸಬೇಕು: ಮಾನಸೋಲ್ಲಾಸವೆಂದರೆ ಮನಸ್ಸಿನ ಉಲ್ಲಾಸ. ಅದರ ಇನ್ನೊಂದು ಹೆಸರು ‘ಅಭಿಲಷಿತಾರ್ಥಚಿಂತಾಮಣಿ’, ಬಯಸಿದ್ದನ್ನೆಲ್ಲ ಕೊಡುವ ಮಣಿ. ಬಯಸಿದ ಕೂಡಲೇ ಒದಗಬೇಕೆಂಬ ರಾಜನ ಹಗಲುಗನಸಿಗೆ ಇದಕ್ಕಿಂತ ನೇರವಾದ ಶೀರ್ಷಿಕೆ ಸಿಗದು. ಪಾಕಕ್ರಿಯೆಯ ವಿವರಗಳು ಎಷ್ಟೇ ಸೂಕ್ಷ್ಮವಾಗಿದ್ದರೂ ಅವೆಲ್ಲವೂ ಕೊನೆಗೆ ರಾಜನ ಎಲೆಯ ಕಡೆಗೇ ಸಾಗುತ್ತವೆ. ಅಡುಗೆಯವನ ಕೈಚಲನೆ ಗ್ರಂಥದಲ್ಲಿದೆ. ಆ ಕೈಯ ಹಿಂದಿರುವ ಆಲೋಚನೆಗೆ ಅಲ್ಲಿ ಸ್ಥಾನವಿಲ್ಲ.

ಕನ್ನಡದ ಶಾಸ್ತ್ರಕೃತಿಗಳ ದೃಷ್ಟಿ ಇದಕ್ಕಿಂತ ಸ್ವಲ್ಪ ಬೇರೆ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ (1025) ಕೃಷಿ, ಜಲಶೋಧನೆ, ವೃಕ್ಷಾಯುರ್ವೇದ, ಸುಗಂಧ, ವೈದ್ಯಗಳ ನಡುವೆ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯವನ್ನು ಕೊಟ್ಟಿತು. ಅಲ್ಲಿ ಅಡುಗೆ ರಾಜಭೋಗದ ಅಂಗವಾಗಿ ಬಾರದೆ, ಲೋಕಕ್ಕೆ ಬೇಕಾದ ತಿಳಿವಳಿಕೆಯಾಗಿ ಬಂದಿದೆ. 16ನೆಯ ಶತಮಾನದ ಆರಂಭದ ಜೈನ ಕವಿ ಮೂರನೆಯ ಮಂಗರಸ ತನ್ನ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಬದನೆಕಾಯಿ ಒಂದಕ್ಕೇ ಅವನು ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಒಂದೇ ಕಾಯಿಯನ್ನು ಎತ್ತಿಕೊಂಡು ಅದನ್ನು ಸುಟ್ಟರೆ ಏನು, ಬೇಯಿಸಿದರೆ ಏನು, ಹೀಗೆ ಹೂರಣ ತುಂಬಿದರೆ ಏನು ಎಂದು ಒಂದಾದ ಮೇಲೊಂದು ಬಗೆಯನ್ನು ಜೋಡಿಸುತ್ತ ಹೋಗುವುದು ಉಣ್ಣುವವರ ಅವಸರಕ್ಕೆ ಒಗ್ಗುವ ಕೆಲಸವಲ್ಲ. ಅದು ಅಡುವವರ ಮನಸ್ಸಿನ ಲಯ. ಮಂಗರಸನನ್ನು ಕೇವಲ ಆಹಾರದ ಇತಿಹಾಸಕ್ಕೆ ಆಕರವಾಗಿ ಓದುವವರು ಈ ಲಯವನ್ನು ಕಳೆದುಕೊಳ್ಳುತ್ತಾರೆ. ಅದು ಪಾಕವಿಧಾನಗಳ ಪಟ್ಟಿಯಾಗಿರುವಂತೆಯೇ, ಒಂದು ವಸ್ತುವಿನ ಸಾಧ್ಯತೆಗಳ ಮೇಲೆ ಕಟ್ಟಿದ ಕಾವ್ಯವೂ ಆಗಿದೆ.

3

ಮಂಡಿಗೆಯ ಇನ್ನೊಂದು ಕಥೆ ವಾರಕರಿ ಪರಂಪರೆಯದು. ಸಂತಚರಿತ್ರೆಗಳಲ್ಲಿಯೂ ಕೀರ್ತನಕಾರರ ಬಾಯಲ್ಲಿಯೂ ಉಳಿದುಬಂದ ಈ ಕಥೆ ಸೊಲ್ಲಾಪುರ, ಜತ್ತ, ಅಕ್ಕಲಕೋಟೆಗಳ ಕನ್ನಡಿಗರಿಗೆ ಅಪರಿಚಿತವಲ್ಲ. ಅಣ್ಣ ನಿವೃತ್ತಿನಾಥನಿಗೆ ಮಂಡಿಗೆ ತಿನ್ನುವ ಆಸೆಯಾಗುತ್ತದೆ. ತಂಗಿ ಮುಕ್ತಾಬಾಯಿ ಖಾಪರ ತರಲು ಕುಂಬಾರರ ಕೇರಿಗೆ ಹೋಗುತ್ತಾಳೆ. ಸಂನ್ಯಾಸಿಯ ಮಕ್ಕಳೆಂದು ಈ ಕುಟುಂಬವನ್ನು ದ್ವೇಷಿಸುತ್ತಿದ್ದ ವಿಸೋಬಾ, ಅವಳಿಗೆ ಯಾರೂ ಪಾತ್ರೆ ಕೊಡದಂತೆ ತಡೆಯುತ್ತಾನೆ. ಬರಿಗೈಯಲ್ಲಿ ಮರಳಿದ ತಂಗಿಯನ್ನು ಕಂಡು ಜ್ಞಾನೇಶ್ವರ ಯೋಗಾಗ್ನಿಯಿಂದ ತನ್ನ ಬೆನ್ನನ್ನು ಕಾಯಿಸುತ್ತಾನೆ. ಆ ಬೆನ್ನ ಮೇಲೆ ಅವಳು ಮಂಡಿಗೆ ಬೇಯಿಸುತ್ತಾಳೆ. ಇದನ್ನು ಕಂಡ ವಿಸೋಬಾ ಪಶ್ಚಾತ್ತಾಪದಿಂದ ಎಂಜಲು ತಿಂದು ಭಕ್ತನಾಗುತ್ತಾನೆ.

ಪರಂಪರೆ ಈ ಕಥೆಯನ್ನು ಜ್ಞಾನೇಶ್ವರನ ಯೋಗಶಕ್ತಿಯ ನಿದರ್ಶನವಾಗಿ, ವಿಸೋಬಾನ ಪರಿವರ್ತನೆಯ ನಿಮಿತ್ತವಾಗಿ ಓದಿದೆ. ಎರಡೂ ಸರಿಯೇ. ಆದರೆ ಅಡುವವರ ಕಡೆಯಿಂದ ಓದಿದರೆ ಕಥೆಯ ನಡುವೆ ಇರುವುದು ಒಂದು ಪ್ರಾಯೋಗಿಕ ಸಮಸ್ಯೆ: ಹಿಟ್ಟಿದೆ, ಕೌಶಲವಿದೆ, ಏನು ಮಾಡಬೇಕೆಂಬ ಚಿತ್ರ ಮನಸ್ಸಿನಲ್ಲಿ ಪೂರ್ತಿಯಾಗಿದೆ, ಕವುಚಿ ಹಾಕಲು ಪಾತ್ರೆಯಿಲ್ಲ. ಆಸೆ ಒಬ್ಬ ಅಣ್ಣನದು, ಪವಾಡ ಇನ್ನೊಬ್ಬ ಅಣ್ಣನದು. ಇವೆರಡರ ನಡುವೆ, ಮಂಡಿಗೆ ಹರಿಯದಂತೆ ಬೆನ್ನಿನ ಉಬ್ಬಿಗೆ ಕಣಕವನ್ನು ಹೊಂದಿಸಿದ ಕೈ ಮುಕ್ತಾಬಾಯಿಯದು. ಅಭಂಗಗಳ ಕರ್ತೃವಾಗಿ ಅವಳ ಹೆಸರು ಉಳಿದಿದೆ. ಈ ಕಥೆಯಲ್ಲಿ ಮಾತ್ರ ಅವಳು ನಿಮಿತ್ತ. ಮನಸ್ಸಿನ ಮಂಡಿಗೆಯನ್ನು ನಿಜದ ಮಂಡಿಗೆಯಾಗಿಸಿದವಳ ಕಥೆ ಎರಡೂ ಭಾಷೆಗಳ ಜನರ ಕಣ್ಣೆದುರಿಗೇ ಇದ್ದರೂ ನುಡಿಗಟ್ಟು ತಿನ್ನುವವರ ಪಾಲಾಯಿತು.

4

ಮನೆಯಲ್ಲಿ ಅಡುವವರು ತಮ್ಮ ತಿಳಿವಳಿಕೆಯನ್ನು ತಾವೇ ಬರೆಯತೊಡಗಿದ್ದು ಮುದ್ರಣಯುಗದ ಬೆಳವಣಿಗೆ. ಎಸ್. ಮೀನಾಕ್ಷಿ ಅಮ್ಮಾಳ್ ಅವರ ತಮಿಳು ಕೃತಿ ‘ಸಮೈತ್ತುಪ್ಪಾರ್’ 1951ರಲ್ಲಿಯೂ ಕಮಲಾಬಾಯಿ ಓಗಲೆ ಅವರ ಮರಾಠಿ ಕೃತಿ ‘ರುಚಿರಾ’ 1970ರಲ್ಲಿಯೂ ಬಂದವು. ಎರಡೂ ತಲೆಮಾರುಗಳ ಕಾಲ ಮನೆಮನೆಗಳಲ್ಲಿ ಬಳಕೆಯಲ್ಲಿದ್ದ ಪುಸ್ತಕಗಳು. ಓಗಲೆಯವರು ವಾಟಿ, ಚಮಚಗಳಂಥ ಮನೆಯ ಅಳತೆಗಳನ್ನೇ ಪ್ರಮಾಣವಾಗಿಟ್ಟರು. ಅದರಿಂದ ಪುಸ್ತಕವೇ ಅಡುಗೆಮನೆಯ ಹಲಗೆಯ ಮೇಲಿನ ಇನ್ನೊಂದು ಪಾತ್ರೆಯಾಯಿತು.

ಸಾಹಿತ್ಯಪ್ರಕಾರವಾಗಿ ಇವುಗಳ ವ್ಯಾಕರಣ ಕುತೂಹಲಕರ. ಸಂಸ್ಕೃತದ ಪಾಕಶಾಸ್ತ್ರ ‘ಪಚೇತ್’, ‘ಕುರ್ಯಾತ್’ ಎಂದು ವಿಧ್ಯರ್ಥದಲ್ಲಿ ನುಡಿಯುತ್ತದೆ. ಮರಾಠಿಯ ಪಾಕವಿಧಾನ ‘ಘಾಲಾವೇ’, ‘ಪರತಾವೇ’ ಎನ್ನುತ್ತದೆ, ತಮಿಳಿನದು ‘ಸೇರ್ಕ್ಕವುಂ’ ಎನ್ನುತ್ತದೆ. ಕನ್ನಡದಲ್ಲಿ ಹಿಂದೆ ‘ಹಾಕಬೇಕು’ ಇದ್ದಲ್ಲಿ ಈಗ ‘ಹಾಕಿ’ ಬಂದಿದೆ. ಎಲ್ಲೆಡೆಯೂ ವಿಧಿಯೇ. ಮೀನಾಕ್ಷಿ ಅಮ್ಮಾಳ್ ಅವರ ಪುಸ್ತಕದ ಶೀರ್ಷಿಕೆ ಮಾತ್ರ ಈ ವಿಧಿಗೆ ಒಂದು ಕಿಟಕಿ ತೆರೆಯುತ್ತದೆ: ಅಡುಗೆ ಮಾಡಿ ನೋಡು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಕನ್ನಡ–ತಮಿಳುಗಳ ಸಮಾನ ಗಾದೆಯ ನುಡಿಗಟ್ಟೇ ಇಲ್ಲಿಯದೂ. ಇನ್ನೊಂದು ಕ್ರಿಯಾಪದದ ಬೆನ್ನಿಗೆ ನಿಂತಾಗ ‘ನೋಡು’ ಎಂಬುದು ಕಾಣುವುದನ್ನು ಬಿಟ್ಟು ಪ್ರಯತ್ನಿಸುವುದನ್ನು, ಪರೀಕ್ಷಿಸುವುದನ್ನು ಸೂಚಿಸುತ್ತದೆ.

ಅಡುಗೆಮನೆಯಲ್ಲಿ ಈ ಪದ ಇನ್ನೂ ಒಂದು ಕೆಲಸ ಮಾಡುತ್ತದೆ. ಕನ್ನಡದಲ್ಲಿ ಉಪ್ಪು ‘ನೋಡುತ್ತಾರೆ’, ರುಚಿ ‘ನೋಡುತ್ತಾರೆ’. ತಮಿಳಿನಲ್ಲಿ ‘ರುಚಿ ಪಾರ್’, ಮಲಯಾಳದಲ್ಲಿ ‘ಉಪ್ಪು ನೋಕ್ಕುಕ’, ತೆಲುಗಿನಲ್ಲಿ ‘ರುಚಿ ಚೂಡು’, ಮರಾಠಿಯಲ್ಲಿ ‘ಚವ್ ಬಘಣೇ’. ಕನ್ನಡದ ಗಡಿಗೆ ತಾಗಿದ ಈ ಭಾಷೆಗಳೆಲ್ಲವೂ ನಾಲಿಗೆಯ ಕೆಲಸವನ್ನು ಕಣ್ಣಿನ ಕ್ರಿಯಾಪದದಿಂದ ಹೇಳುತ್ತವೆ. ‘ತಿನ್ನು’ ಎಂಬಲ್ಲಿ ವಸ್ತು ಮುಗಿಯುತ್ತದೆ. ‘ನೋಡು’ ಎಂಬಲ್ಲಿ ವಸ್ತು ಇನ್ನೂ ಆಗುತ್ತಿದೆ, ತಿದ್ದಲು ಅವಕಾಶವಿದೆ. ಅಡುವವರು ತಿನ್ನುವುದಕ್ಕೆ ಮೊದಲು ನೋಡುವವರು. ಒಲೆ ಹೊತ್ತುವುದಕ್ಕೆ ಮೊದಲೂ ಮನಸ್ಸಿನಲ್ಲಿ ನೋಡುವವರು. ಅವರ ಹಗಲುಗನಸಿಗೆ ಹೊಂದುವ ನುಡಿಗಟ್ಟನ್ನು ಹುಡುಕುವುದಾದರೆ ಅದು ‘ಮನಸ್ಸಿನಲ್ಲಿ ಮಂಡಿಗೆ ಮಾಡಿ ನೋಡುವುದು’ ಎಂದಾಗಬೇಕು.

5

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಹೆಂಗಸಿನ ಅಡುಗೆಯ ಪ್ರೀತಿಯನ್ನು ಹಾಡಿಹೊಗಳುವುದು ಅವಳನ್ನು ಅಡುಗೆಮನೆಯಲ್ಲೇ ಉಳಿಸುವ ಹಳೆಯ ಉಪಾಯವೂ ಆಗಿದೆ. ವಿ.ಟಿ. ಭಟ್ಟತಿರಿಪ್ಪಾಡ್ ಅವರು 1929ರಲ್ಲಿ ತಮ್ಮ ಮಲಯಾಳ ನಾಟಕಕ್ಕೆ ‘ಅಡುಕ್ಕಳಯಿಲ್ ನಿನ್ನು ಅರಂಗತ್ತೇಕ್ಕ್’, ಅಂದರೆ ಅಡುಗೆಮನೆಯಿಂದ ರಂಗಕ್ಕೆ, ಎಂದು ಹೆಸರಿಟ್ಟಾಗ ನಂಬೂದಿರಿ ಹೆಂಗಸರ ಬಿಡುಗಡೆಯ ದಿಕ್ಕು ಆ ಹೆಸರಿನಲ್ಲೇ ಇತ್ತು. ಸುಮಾರು ತೊಂಬತ್ತು ವರ್ಷಗಳ ಅನಂತರ, 2021ರಲ್ಲಿ, ಜಿಯೋ ಬೇಬಿ ಅವರ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಅದೇ ಭಾಷೆಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿತು.

ಆ ಚಿತ್ರವನ್ನು ಅಡುಗೆಯ ವಿರುದ್ಧದ ಚಿತ್ರವೆಂದು ಓದುವುದುಂಟು. ಸೂಕ್ಷ್ಮವಾಗಿ ನೋಡಿದರೆ ಅದು ತೋರಿಸುವುದು ಉಣ್ಣುವವರ ಕನಸು ಅಡುವವರ ಮನಸ್ಸನ್ನು ಪೂರ್ತಿಯಾಗಿ ಆಕ್ರಮಿಸಿದ ಮನೆಯನ್ನು. ಅನ್ನ ಕುಕ್ಕರಿನಲ್ಲಿ ಬೇಯಬಾರದು, ಸೌದೆಯ ಒಲೆಯಲ್ಲೇ ಬೇಯಬೇಕು. ಚಟ್ನಿ ಮಿಕ್ಸಿಯಲ್ಲಿ ಅರೆಯಬಾರದು, ಕಲ್ಲಿನಲ್ಲೇ ಅರೆಯಬೇಕು: ಇವು ಮಾವನ ಬಯಕೆಗಳು. ಸೊಸೆ ಏನನ್ನು ಮಾಡಿ ನೋಡಲು ಬಯಸುತ್ತಾಳೆ ಎಂಬ ಪ್ರಶ್ನೆಗೆ ಆ ಮನೆಯಲ್ಲಿ ಜಾಗವೇ ಇಲ್ಲ. ಮುಸುರೆ, ಸೋರುವ ಕೊಳವೆ, ಮತ್ತೆ ಅದೇ ಒಲೆ ಎಂಬ ಪುನರಾವರ್ತನೆಯಲ್ಲಿ ಅವಳ ದಣಿವಿನಷ್ಟೇ ಅವಳ ಕಲ್ಪನೆಯ ಹಸಿವೂ ಕಾಣುತ್ತದೆ. ಕಟ್ಟಳೆಯ ಅಡುಗೆ ಮತ್ತು ಪ್ರೀತಿಯ ಅಡುಗೆಯ ನಡುವಿನ ಗೆರೆ ಇಲ್ಲಿಯೇ ಇದೆ. ಮುಂದೇನು ಮಾಡಲಿ ಎಂದು ತಾನೇ ಯೋಚಿಸುವ ಬಿಡುವು ಇದ್ದಲ್ಲಿ ಮಾತ್ರ ಅಡುಗೆ ಅವಳದಾಗುತ್ತದೆ. ಹಾಗೆ ನೋಡಿದಾಗ ಅಡುವವರ ಹಗಲುಗನಸನ್ನು ಗೌರವಿಸುವುದಕ್ಕೂ ಕಟ್ಟಳೆಯನ್ನು ವಿರೋಧಿಸುವುದಕ್ಕೂ ಜಗಳವಿಲ್ಲ.

ಕನ್ನಡದಲ್ಲಿ ವೈದೇಹಿಯವರ ಬರಹ ಈ ಗೆರೆಯ ಎರಡೂ ಬದಿಗಳನ್ನು ಬಲ್ಲದು. ಅಲ್ಲಿ ಅಡುಗೆಮನೆ ಉಸಿರುಗಟ್ಟಿಸುವ ಜಾಗವೂ ಹೌದು, ಹೆಂಗಸರು ತಮ್ಮತಮ್ಮೊಳಗೆ ಲೋಕವನ್ನು ಅಳೆಯುವ ಜಾಗವೂ ಹೌದು. ಆ ಅಳತೆಗೆ ಕುಂದಾಪುರದ ಮಾತು ಬೇಕಾಯಿತು ಎಂಬುದನ್ನು ಮರೆಯಬಾರದು. ಶಿಷ್ಟ ಕನ್ನಡದಲ್ಲಿ ಆ ಒಲೆಯ ಮುಂದಿನ ಆಲೋಚನೆ ಅಷ್ಟು ಸರಾಗವಾಗಿ ಹರಿಯಲಾರದು.

6

ಗಡಿಯಾಚೆಯ ಕನ್ನಡಕ್ಕೆ ಈ ಚರ್ಚೆ ತಾಗುವುದು ಈ ಬಿಂದುವಿನಲ್ಲಿ. ಅಕ್ಕಲಕೋಟೆಯ ಒಂದು ಕನ್ನಡ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿಯ ಹೆಂಗಸಿನ ಶಾಲೆಯ ಓದು ಮರಾಠಿಯದು. ಅಡುಗೆಯ ಪುಸ್ತಕ ಓದಿದರೆ ಅದೂ ಮರಾಠಿಯದು. ಸಂತೆಯಿಂದ ತಂದ ಪುಂಡಿ ಸೊಪ್ಪಿನ ಕಟ್ಟನ್ನು ಬಿಚ್ಚುತ್ತ, ಮಾರುವವರಿಗೆ ‘ಅಂಬಾಡಿ’ ಎಂದು ಹೇಳಿದ್ದನ್ನು ಮನೆಯೊಳಗೆ ‘ಪುಂಡಿ’ ಮಾಡಿಕೊಳ್ಳುತ್ತಾಳೆ. ಇದಕ್ಕೆ ಜೋಳದ ನುಚ್ಚು ಹಾಕಲೋ, ಕಡಲೆಬೇಳೆ ಹಾಕಲೋ, ಶೇಂಗಾ ಕುಟ್ಟಿ ಹಾಕಿದರೆ ಹುಳಿ ಇಳಿದೀತೋ ಎಂದು ಯೋಚಿಸುತ್ತಾಳೆ. ಹೆಸರು ಎರಡು ಭಾಷೆಗಳಲ್ಲಿದೆ. ಯೋಚನೆ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದೇ ನಿರ್ಣಾಯಕ ಪ್ರಶ್ನೆ.

ತಿನಿಸಿನ ಹೆಸರು ಗಟ್ಟಿ ಜೀವದ್ದು, ಭಾಷೆ ಬದಲಾದರೂ ಬದುಕುತ್ತದೆ. ಬಳ್ಳಾರಿಯ ಕಡೆ ‘ವಗ್ಗರಣಿ’ ಎನಿಸುವ ಮಂಡಕ್ಕಿಯ ತಿಂಡಿ ಆದವಾನಿ, ರಾಯದುರ್ಗಗಳ ತೆಲುಗಿನಲ್ಲಿ ‘ಉಗ್ಗಾನಿ’ಯಾಗಿ ಸುಖವಾಗಿದೆ. ಅಷ್ಟು ಗಟ್ಟಿಯಲ್ಲದ್ದು ಹದವನ್ನು ಹೇಳುವ ಮಾತು. ‘ಹದ’ ಎಂಬ ಪದಕ್ಕೆ ತಮಿಳಿನ ‘ಪದಂ’, ತೆಲುಗಿನ ‘ಪದನು’ ಬಂಧುಗಳು. ಮಣ್ಣು, ಮಳೆ, ಕಬ್ಬಿಣ, ತೊಗಲು, ಕಣಕ ಎಲ್ಲಕ್ಕೂ ಸಲ್ಲುವ ಆ ಪದವನ್ನು ತೂಕದಿಂದಾಗಲೀ ನಿಮಿಷಗಳಿಂದಾಗಲೀ ತುಂಬಲಾಗದು. ಅದಕ್ಕಿಂತಲೂ ನವುರಾದದ್ದು ಅಡುವವರ ‘-ರೆ’ ಎಂಬ ಪ್ರತ್ಯಯ. ಸೊಲ್ಲಾಪುರದ ಕಡೆ ‘ಹಾಕಿದ್ರ ಹೆಂಗ?’, ಹೊಸೂರು, ತಾಳವಾಡಿಗಳ ಕಡೆ ‘ಹಾಕುದ್ರೆ ಹೆಂಗೆ?’, ಕಾಸರಗೋಡಿನ ಹವ್ಯಕರಲ್ಲಿ ‘ಹಾಕಿರೆ ಹೇಂಗಕ್ಕು?’. ಕೊನೆಯದರಲ್ಲಿ ಹಳಗನ್ನಡದ ‘ಅಕ್ಕುಂ’ ಇಂದಿಗೂ ಒಲೆಯ ಪಕ್ಕದಲ್ಲಿ ಜೀವದಿಂದಿದೆ. ಪಾಕಪುಸ್ತಕದ ವಿಧಿಗೂ ಈ ಸಂಭಾವನೆಗೂ ಇರುವ ಅಂತರವೇ ಬರೆದ ಅಡುಗೆಗೂ ಯೋಚಿಸುವ ಅಡುಗೆಗೂ ಇರುವ ಅಂತರ.

ಪಾಕವಿಧಾನವನ್ನು ಅನುವಾದಿಸಬಹುದು. ಈ ಸಂಭಾವನೆ ನಡೆಯುವ ಭಾಷೆ ಬದಲಾದ ದಿನ ತಿನಿಸು ಹಾಗೆಯೇ ಉಳಿದಿದ್ದರೂ ಅದರ ಕನ್ನಡ ಮುಗಿದಿರುತ್ತದೆ. ‘ಅಡು’ ಎಂಬ ಧಾತುವಿನ ಗತಿ ಇದಕ್ಕೆ ಎಚ್ಚರಿಕೆಯಂತಿದೆ. ತಮಿಳು, ಮಲಯಾಳಗಳಲ್ಲಿ ಅದು ಒಲೆಯ ಹೆಸರಾಗಿ, ಅಡುಗೆಮನೆಯ ಹೆಸರಾಗಿ ದಿನಬಳಕೆಯಲ್ಲಿದೆ. ಕನ್ನಡದಲ್ಲಿ ‘ಅಡುಗೆ’ ಎಂಬ ನಾಮಪದ ಉಳಿದು, ಆಡುಮಾತಿನ ಕ್ರಿಯೆ ಬಹುಪಾಲು ‘ಅಡುಗೆ ಮಾಡು’ ಎಂದಾಗಿದೆ. ಧಾತುವಿನ ಭೂತರೂಪವನ್ನು ಕೇಳಬೇಕಾದರೆ ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬ ಗಾದೆಗೆ ಹೋಗಬೇಕು. ಗಾದೆಯ ಅರ್ಥವೂ ಈ ಪ್ರಸಂಗಕ್ಕೆ ದೂರದ್ದಲ್ಲ.

ಗಡಿನಾಡಿನ ಆಹಾರಸಂಸ್ಕೃತಿಯ ದಾಖಲಾತಿ ಸಾಮಾನ್ಯವಾಗಿ ಮೂರು ಪ್ರಶ್ನೆಗಳ ಮೇಲೆ ನಿಲ್ಲುತ್ತದೆ: ತಿನಿಸಿನ ಹೆಸರೇನು, ಯಾವ ಹಬ್ಬಕ್ಕೆ ಮಾಡುತ್ತೀರಿ, ಹೇಗೆ ಮಾಡುತ್ತೀರಿ. ಈ ಮೂರಕ್ಕೂ ಬರುವ ಉತ್ತರ ಮುಗಿದ ಅಡುಗೆಯದು, ಆದ್ದರಿಂದ ಪುಸ್ತಕದ ಭಾಷೆಗೆ ಬೇಗ ಜಾರುತ್ತದೆ. ಕೇಳುವವರು ವಿದ್ಯಾವಂತರೆಂದು ತಿಳಿದ ಕೂಡಲೇ ಹೇಳುವವರೂ ತಮ್ಮ ಮಾತನ್ನು ತಿದ್ದಿಕೊಳ್ಳುತ್ತಾರೆ. ಇದಕ್ಕೆ ನಾಲ್ಕನೆಯ ಪ್ರಶ್ನೆಯೊಂದನ್ನು ಸೇರಿಸಿದರೆ ಪರಿಣಾಮ ಬೇರೆಯಾಗಬಹುದು: ಇದನ್ನು ಇನ್ನು ಹೇಗೆಲ್ಲ ಮಾಡಿ ನೋಡಬೇಕೆಂದು ಮನಸ್ಸಿದೆ? ಈ ಪ್ರಶ್ನೆಗೆ ಸಿದ್ಧ ಉತ್ತರವಿರುವುದಿಲ್ಲ. ಉತ್ತರಿಸುವವರು ಅಲ್ಲೇ ಯೋಚಿಸಬೇಕಾಗುತ್ತದೆ, ತಮ್ಮ ಮನೆಯ ಮಾತಿನಲ್ಲಿಯೇ ಯೋಚಿಸಬೇಕಾಗುತ್ತದೆ. ‘-ರೆ’, ‘ಅಕ್ಕು’, ‘ಆದೀತು’ಗಳು ಆಗ ತಾವಾಗಿಯೇ ಹೊರಬರುತ್ತವೆ. ಜೊತೆಗೆ ಅದು ಅಡುವವರನ್ನು ಮಾಹಿತಿಯ ಮೂಲವಾಗಿ ಕಾಣುವುದನ್ನು ಬಿಟ್ಟು ರಚಿಸುವವರಾಗಿ ಮಾತಾಡಿಸುವ ಪ್ರಶ್ನೆ. ಮಂಗರಸನ ಷಟ್ಪದಿಗಳಿಗೆ ಸಲ್ಲುವ ಓದನ್ನು ಅಂಥ ಉತ್ತರಗಳಿಗೂ ಸಲ್ಲಿಸುವುದು ವಿಮರ್ಶೆಯ ಪಾಲಿನ ಕೆಲಸ. ಆಗ ಮನಸ್ಸಿನ ಮಂಡಿಗೆ ಎಂಬ ಮಾತನ್ನು ಗೇಲಿಯಿಲ್ಲದೆ ಬಳಸಲು ಎರಡೂ ಭಾಷೆಗಳಿಗೆ ಒಂದು ಅವಕಾಶ ಸಿಗುತ್ತದೆ.